ಹಾನ್ ವಂಶದ ಲೇಖನ ಕಳಿಸಿದವರಿಗೆ: ಯುದ್ಧದ ಖರ್ಚು ಯಾರು ಕೊಟ್ರು ಅಂತ ಬರೀರಿ

ನಮಸ್ಕಾರ. ನೀವು ಕಳಿಸಿದ 'ಹಾನ್ ಸಾಮ್ರಾಜ್ಯದ ವೈಭವ' ಪೂರ್ತಿ ಓದಿದೆ, ಆಮೇಲೆ ಪೆನ್ಸಿಲ್ ಹಿಡ್ಕೊಂಡು ಇನ್ನೊಂದ್ಸಲ ಓದಿದೆ. ನೇರವಾಗೇ ಹೇಳ್ಬಿಡ್ತೀನಿ, ಈಗಿರೋ ರೂಪದಲ್ಲಿ ಇದನ್ನ ಪ್ರಕಟಿಸೋಕಾಗಲ್ಲ. ಆದ್ರೆ ಕೈಬಿಡಿ ಅಂತ ಖಂಡಿತ ಹೇಳ್ತಿಲ್ಲ, ಯಾಕಂದ್ರೆ ಹಳೇ ಚೀನಾದ ಬಗ್ಗೆ ಇಷ್ಟು ಓದ್ಕೊಂಡು ಕನ್ನಡದಲ್ಲಿ ಬರೆಯೋರು ತುಂಬಾ ಕಡಿಮೆ, ಅದೂ ಅಲ್ದೆ ನಿಮ್ಮ ಲೇಖನದ ಮಧ್ಯೆ ಒಂದು ಪ್ಯಾರಾ ಇದೆ, ಅದನ್ನ ಓದಿ ಮುಂದಕ್ಕೆ ಹೋಗೋಕೇ ಮನಸ್ಸಾಗ್ಲಿಲ್ಲ. ಅದರ ಬಗ್ಗೆ ಆಮೇಲೆ ಬರ್ತೀನಿ.

ದೊಡ್ಡ ತೊಂದರೆ ಇರೋದು ಕಟ್ಟಿರೋ ರೀತಿಯಲ್ಲಿ. 'ವಿಸ್ತರಣೆ' ಅಂತ ಒಂದು ಭಾಗ, 'ಆಡಳಿತ' ಅಂತ ಇನ್ನೊಂದು ಭಾಗ ಮಾಡಿದ್ದೀರಿ. ಮೊದಲನೇದ್ರಲ್ಲಿ ಬರೀ ಗೆಲುವುಗಳು, ಉತ್ತರದ ಹುಲ್ಲುಗಾವಲಿನ ಶಿಯೊಂಗ್ನು ಜನರ ಮೇಲೆ ಗೆದ್ರು, ಕ್ರಿ.ಪೂ. 111ರಲ್ಲಿ ದಕ್ಷಿಣದ ನಾನ್‌ಯುವೆ ಗೆದ್ರು, 108ರಲ್ಲಿ ಕೊರಿಯಾದ ಕಡೆ ಗೆದ್ರು. ಎರಡನೇದ್ರಲ್ಲಿ ಬರೀ ಹುದ್ದೆಗಳ ಹೆಸರು. ಎರಡಕ್ಕೂ ಮಾತುಕತೆನೇ ಇಲ್ಲ, ಪಿಯುಸಿ ಗೈಡ್ ಓದಿದ ಹಾಗಾಗುತ್ತೆ. ಆದ್ರೆ ವೂ ಚಕ್ರವರ್ತಿ ಕಾಲದಲ್ಲಿ, ಅಂದ್ರೆ ಕ್ರಿ.ಪೂ. 141ರಿಂದ 87ರವರೆಗೆ, ಇವೆರಡೂ ಒಂದೇ ಕಥೆ ಅಲ್ವಾ?

ಒಂದು ಉದಾಹರಣೆ ನಿಮ್ಮ ಲೇಖನದಿಂದಲೇ ತಗೋತೀನಿ. ಕ್ರಿ.ಪೂ. 119ರಲ್ಲಿ ಸೇನಾಪತಿಗಳಾದ ವೈ ಚಿಂಗ್ ಮತ್ತು ಹೂವೊ ಚೂಬಿಂಗ್ ಗೋಬಿ ಮರುಭೂಮಿ ದಾಟಿ ಹೋಗಿ ಶಿಯೊಂಗ್ನು ಸೈನ್ಯವನ್ನ ಚದುರಿಸಿದ್ದನ್ನ 'ಅಭೂತಪೂರ್ವ ವಿಜಯ' ಅಂತ ಬರೆದು ಮುಗಿಸಿದ್ದೀರಿ. ಅದೇ ದಂಡಯಾತ್ರೆ ಬಗ್ಗೆ ಆ ಕಾಲದವನೇ ಆದ ಇತಿಹಾಸಕಾರ ಸೀಮಾ ಚಿಯಾನ್ ಏನು ಲೆಕ್ಕ ಕೊಡ್ತಾನೆ ನೋಡಿ, ಗಡಿ ದಾಟಿ ಹೋದ ಕುದುರೆ 1,40,000, ವಾಪಸ್ ಬಂದಿದ್ದು 30,000 ಕೂಡ ಇಲ್ಲ. ಕುದುರೆ ಇಲ್ದೆ ಮುಂದಿನ ಯುದ್ಧ ವರ್ಷಗಟ್ಟಲೆ ನಿಂತುಹೋಯ್ತು. ಬೊಕ್ಕಸ ಖಾಲಿ. ಆಗ ಸರ್ಕಾರ ಏನು ಮಾಡ್ತು? ಉಪ್ಪು ಮತ್ತು ಕಬ್ಬಿಣದ ವ್ಯಾಪಾರವನ್ನ ಪೂರ್ತಿ ತನ್ನ ಕೈಗೆ ತಗೊಂಡ್ತು. ಇದು ನಿಮ್ಮ ಎರಡನೇ ಭಾಗದಲ್ಲಿ 'ಆರ್ಥಿಕ ಸುಧಾರಣೆಗಳು' ಅನ್ನೋ ಸಬ್‌ಹೆಡಿಂಗ್ ಕೆಳಗೆ ಒಂದೇ ಒಂದು ವಾಕ್ಯವಾಗಿ ಬಿದ್ದಿದೆ, ಅದನ್ನ ಎತ್ಕೊಂಡು ಬಂದು ಈ ಕುದುರೆಗಳ ಪಕ್ಕದಲ್ಲಿ ಇಡಿ, ಓದುಗ ತಾನೇ ಅರ್ಥ ಮಾಡ್ಕೋತಾನೆ. ಕುದುರೆ ಸತ್ತಿದ್ದು ಮರುಭೂಮಿಯಲ್ಲಿ, ಅದರ ದುಡ್ಡು ವಸೂಲಾಗಿದ್ದು ರೈತನ ಉಪ್ಪಿನಿಂದ.

ಅಲ್ಲಿಗೇ ನಿಲ್ಲಿಸಬೇಡಿ. ಕ್ರಿ.ಪೂ. 81ರಲ್ಲಿ ಆಸ್ಥಾನದಲ್ಲೇ ಇದರ ಬಗ್ಗೆ ದೊಡ್ಡ ಚರ್ಚೆ ನಡೀತು, ಒಂದು ಕಡೆ ಈ ಏಕಸ್ವಾಮ್ಯವನ್ನ ನಡೆಸ್ತಿದ್ದ ಸಾಂಗ್ ಹೊಂಗ್‌ಯಾಂಗ್, ಇನ್ನೊಂದು ಕಡೆ ಪ್ರಾಂತ್ಯಗಳಿಂದ ಕರೆಸಿದ ವಿದ್ವಾಂಸರು. ವಿದ್ವಾಂಸರ ದೂರು ಸೀದಾ ಹೊಲದಿಂದ ಬಂದಿದ್ದು, ಸರ್ಕಾರಿ ಕಬ್ಬಿಣದ ಸಾಮಾನು ಬರೀ ಟಾರ್ಗೆಟ್ ಮುಟ್ಟೋಕೆ ಮಾಡಿದ್ದು, ರೈತನ ಕೆಲಸಕ್ಕೆ ಬರಲ್ಲ, ರೇಟು ಜಾಸ್ತಿ, ಬಡವರು ಮರದ ನೇಗಿಲಲ್ಲಿ ಉಳ್ತಿದ್ದಾರೆ, ಕೈಯಲ್ಲೇ ಕಳೆ ಕೀಳ್ತಿದ್ದಾರೆ, ಉಪ್ಪಿಲ್ದೆ ಸಪ್ಪೆ ಊಟ ಮಾಡ್ತಿದ್ದಾರೆ ಅಂತ. ಸಾಂಗ್ ಹೊಂಗ್‌ಯಾಂಗ್ ವಾದಾನೂ ಕೊಡಿ, ಗಡಿಯಲ್ಲಿ ಕಾವಲಿಗೆ ನಿಂತ ಸೈನಿಕರಿಗೆ ಊಟ ಬಟ್ಟೆ ಎಲ್ಲಿಂದ ತರೋಣ ಅನ್ನೋದು ಅವನ ಪ್ರಶ್ನೆ, ಅದೂ ಸುಮ್ನೆ ತಳ್ಳಿಹಾಕೋ ಪ್ರಶ್ನೆ ಅಲ್ಲ. ಇಬ್ಬರಿಗೂ ಜಾಗ ಕೊಟ್ರೆ ಲೇಖನಕ್ಕೆ ಜೀವ ಬರುತ್ತೆ.

ತಲೆಗಂದಾಯದ ವಿಷಯ ನೀವು ಬಿಟ್ಟೇಬಿಟ್ಟಿದ್ದೀರಿ, ಅದು ನನಗೆ ನಿಜವಾಗ್ಲೂ ಬೇಜಾರಾಯ್ತು. ವೂ ಕಾಲದಲ್ಲಿ ಮೂರು ವರ್ಷದ ಮಗುವಿಂದಲೇ ಕಂದಾಯ ಶುರು ಮಾಡಿದ್ರು, ಅದನ್ನ ಕಟ್ಟೋಕಾಗದೆ ಜನ ಹುಟ್ಟಿದ ಕೂಸನ್ನೇ ಕೊಲ್ತಿದ್ದಾರೆ ಅಂತ ಗೋಂಗ್ ಯೂ ಅನ್ನೋ ಅಧಿಕಾರಿ ಮುಂದೆ ಇನ್ನೊಬ್ಬ ಚಕ್ರವರ್ತಿಗೆ ಬರೆದ, ಆಮೇಲೆ ಆ ವಯಸ್ಸನ್ನ ಏಳಕ್ಕೆ ಏರಿಸಿದ್ರು. 'ಸುವರ್ಣಯುಗ' ಅನ್ನೋ ಪದ ನಿಮ್ಮ ಲೇಖನದಲ್ಲಿ ಎಷ್ಟು ಸಲ ಬಂದಿದ್ಯೋ ಅಷ್ಟೂ ಕಡೆ ತೆಗೀರಿ, ಇದನ್ನ ಓದಿದ ಮೇಲೆ ನಿಮಗೇ ಆ ಪದ ಬರೆಯೋಕೆ ಕೈ ಬರಲ್ಲ.

ಇನ್ನು ತಪ್ಪುಗಳು. ಹಾನ್ ಕಾಲದಲ್ಲೇ ನಮ್ಮ ಐಎಎಸ್ ಥರ ಎಲ್ಲರಿಗೂ ಓಪನ್ ಪರೀಕ್ಷೆ ಇತ್ತು ಅಂತ ಬರೆದಿದ್ದೀರಿ, ಹಾಗಿರ್ಲಿಲ್ಲ. ಕ್ರಿ.ಪೂ. 124ರಲ್ಲಿ ರಾಜಧಾನಿ ಚಾಂಗ್‌ಆನ್‌ನಲ್ಲಿ 50 ವಿದ್ಯಾರ್ಥಿಗಳ ವಿದ್ಯಾಪೀಠ ಶುರುವಾಗಿದ್ದು ನಿಜ, ಪರೀಕ್ಷೆ ಅನ್ನೋದೂ ಅಲ್ಲಲ್ಲಿ ಇತ್ತು, ಆದ್ರೆ ಹೆಚ್ಚಿನವರು ಕೆಲಸಕ್ಕೆ ಸೇರ್ತಿದ್ದಿದ್ದು ಸ್ಥಳೀಯ ಅಧಿಕಾರಿಗಳ ಶಿಫಾರಸಿನ ಮೇಲೆ. ಪರೀಕ್ಷೆಯ ಆ ದೊಡ್ಡ ವ್ಯವಸ್ಥೆ ಬಂದಿದ್ದು ನೂರಾರು ವರ್ಷ ಆದ್ಮೇಲೆ, ಸುಯಿ ಮತ್ತು ಟಾಂಗ್ ವಂಶಗಳ ಕಾಲದಲ್ಲಿ. ಹಾಗೇ ಶಿಯೊಂಗ್ನುಗಳನ್ನ ಕೆಲವು ಕಡೆ ಹೂಣರು ಅಂತ ಮಾಡ್ಬಿಟ್ಟಿದ್ದೀರಿ, ಇಬ್ಬರಿಗೂ ನಂಟಿದ್ಯಾ ಅನ್ನೋದೇ ಇನ್ನೂ ವಾದದಲ್ಲಿದೆ, ಒಂದೇ ಹೆಸರು ಇಟ್ಕೊಳ್ಳಿ.

ಸ್ಥಾಪಕ ಲ್ಯೂ ಬಾಂಗ್ ಕ್ರಿ.ಪೂ. 202ರಿಂದಲೇ ಇಡೀ ದೇಶವನ್ನ ನೇರವಾಗಿ ಆಳಿದ ಅನ್ನೋದೂ ಸರಿ ಅಲ್ಲ. ಪೂರ್ವದ ದೊಡ್ಡ ಭಾಗ ಸಾಮಂತ ರಾಜರ ಕೈಯಲ್ಲಿತ್ತು, ಬರ್ತಾ ಬರ್ತಾ ಅವರೆಲ್ಲ ಅವನ ಸ್ವಂತ ಮನೆತನದವರೇ ಆದ್ರು, ಅದರಲ್ಲಿ ಏಳು ಜನ ಕ್ರಿ.ಪೂ. 154ರಲ್ಲಿ ದಂಗೆ ಎದ್ರು. ದಂಗೆ ಅಡಗಿದ ಮೇಲೆ 127ರಲ್ಲಿ ವೂ ಒಂದು ಆದೇಶ ತಂದ, ರಾಜ ಸತ್ತರೆ ಭೂಮಿ ಹಿರಿಮಗನಿಗೆ ಮಾತ್ರ ಅಲ್ಲ, ಉಳಿದ ಗಂಡುಮಕ್ಕಳಿಗೂ ಪಾಲು ಅಂತ. ಆಸ್ತಿ ಪಾಲಾಗಿ ಪಾಲಾಗಿ ದೊಡ್ಡ ಮನೆತನ ಹೇಗೆ ಸಣ್ಣದಾಗುತ್ತೆ ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಆದೇಶ ಏನು ಅಂತ ಹೇಳಿ ಸಾಕು. ಕ್ರಿ.ಪೂ. 106ರ ತಪಾಸಣಾಧಿಕಾರಿಗಳನ್ನೂ ಸೇರಿಸಿ, ಆಗ ಅಧಿಕಾರಿಗಳ ದರ್ಜೆಯನ್ನ ಧಾನ್ಯದ ಅಳತೆಯಲ್ಲಿ ಹೇಳ್ತಿದ್ರು, ಪ್ರಾಂತ್ಯದ ಮುಖ್ಯಸ್ಥ 2,000ದ ದರ್ಜೆಯವನು, ಅವನ ಮೇಲೆ ಕಣ್ಣಿಡೋಕೆ ಕಳಿಸಿದವನು ಬರೀ 600ರ ದರ್ಜೆಯವನು. ಸಣ್ಣ ಹುದ್ದೆಯವನಿಗೆ ದೊಡ್ಡವನನ್ನ ಪ್ರಶ್ನೆ ಮಾಡೋ ಅಧಿಕಾರ ಕೊಟ್ಟಿದ್ದು, ಎಂಥ ಯೋಚನೆ!

ಈಗ ಆ ಪ್ಯಾರಾ. ವೂ ಕಳಿಸಿದ ದೂತ ಜಾಂಗ್ ಚಿಯಾನ್ ಕ್ರಿ.ಪೂ. 138ರಲ್ಲಿ ನೂರು ಜನರ ಜೊತೆ ಪಶ್ಚಿಮಕ್ಕೆ ಹೊರಟಿದ್ದು, ಶಿಯೊಂಗ್ನುಗಳ ಸೆರೆಯಲ್ಲಿ ಹತ್ತು ವರ್ಷ ಕಳೆದಿದ್ದು, ಬ್ಯಾಕ್ಟ್ರಿಯಾದಲ್ಲಿ, ಅಂದ್ರೆ ಈಗಿನ ಅಫ್ಘಾನಿಸ್ತಾನದ ಉತ್ತರದ ಕಡೆ, ತನ್ನ ದೇಶದ ಸಿಚುವಾನ್ ಕಡೆಯ ಬಿದಿರಿನ ಕೋಲು ಮತ್ತು ಬಟ್ಟೆ ನೋಡಿ ಇದೆಲ್ಲಿಂದ ಬಂತು ಅಂತ ಕೇಳಿದ್ದು, ಅಲ್ಲಿನವರು ನಮ್ಮ ವ್ಯಾಪಾರಿಗಳು ಭಾರತದಿಂದ ತರ್ತಾರೆ ಅಂದಿದ್ದು. ತುಂಬಾ ಚೆನ್ನಾಗಿ ಬರೆದಿದ್ದೀರಿ, ಒಂದು ವಿಶೇಷಣ ಹೆಚ್ಚಿಲ್ಲ. ಆದ್ರೆ ಆ ಸುದ್ದಿ ಕೇಳಿದ ವೂ ನೈಋತ್ಯದ ಕಾಡು ಬೆಟ್ಟಗಳ ಮೂಲಕ ಭಾರತಕ್ಕೆ ದಾರಿ ಹುಡುಕೋಕೆ ಜನ ಕಳಿಸಿದ್ದು, ಈಗಿನ ಯುನ್ನಾನ್ ಕಡೆಯ ಜನ ಅವರನ್ನ ತಡೆದಿದ್ದು, ಇದನ್ನೂ ಬರೀರಿ. ಒಂದು ಬಿದಿರುಕೋಲಿನ ಸುದ್ದಿಯಿಂದ ಸಾಮ್ರಾಜ್ಯ ಆ ದಿಕ್ಕಿಗೆ ಕೈ ಚಾಚಿತು.

ಮುಕ್ತಾಯಕ್ಕೆ 'ಹೀಗೆ ಹಾನ್ ವಂಶ ಅಜರಾಮರವಾಯಿತು' ಬೇಡ, ಮೌರ್ಯರ ಜೊತೆಗಿನ ಹೋಲಿಕೆನೂ ಬೇಡ. ಕ್ರಿ.ಪೂ. 89ಕ್ಕೆ ತಂದು ನಿಲ್ಲಿಸಿ. ದೂರದ ಪಶ್ಚಿಮದ ಲುನ್‌ತಾಯ್‌ನಲ್ಲಿ ಸೈನಿಕರನ್ನ ಇಟ್ಟು ಬೇಸಾಯ ಮಾಡಿಸೋಣ ಅಂತ ಸಾಂಗ್ ಹೊಂಗ್‌ಯಾಂಗ್ ಮತ್ತಿತರರು ಕೇಳಿದಾಗ ವಯಸ್ಸಾದ ಅದೇ ವೂ ಬೇಡ ಅಂದ, ಗಡಿ ಖರ್ಚಿಗೆ ತಲೆಗೆ 30 ನಾಣ್ಯ ಹೆಚ್ಚು ಕಂದಾಯ ಹಾಕೋಣ ಅಂತ ಮೊದಲು ಬಂದಿದ್ದ ಸಲಹೆಯನ್ನೂ ನೆನಪಿಸಿ, ಅದು ಮುದುಕರು, ನಿಶ್ಶಕ್ತರು, ಅನಾಥರನ್ನ ಇನ್ನಷ್ಟು ಹಿಂಡಿದ ಹಾಗೆ ಅಂದ.

ತಿದ್ದಿ ಮತ್ತೆ ಕಳಿಸಿ, 2,000 ಪದದ ಒಳಗಿರ್ಲಿ, ಜೊತೆಗೆ ಚಾಂಗ್‌ಆನ್, ಪಶ್ಚಿಮದ ಗಡಿ ಊರು ಡುನ್‌ಹುವಾಂಗ್, ಲುನ್‌ತಾಯ್ ತೋರಿಸೋ ಒಂದು ಸರಳ ನಕ್ಷೆ ಬೇಕು. ಜಾಂಗ್ ಚಿಯಾನ್ ಪ್ಯಾರಾದಲ್ಲಿ ಈಗಿರೋ ವಾಕ್ಯಗಳನ್ನ ಮಾತ್ರ ಮುಟ್ಟಬೇಡಿ.