ರ‍್ಯಾಮ್ ವೇಗ ಏರಿಸಿದೆ, ಪರದೆ ಕಪ್ಪಾಯಿತು

ಪ್ರಶ್ನೆ: ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಡಿಡಿಆರ್4 ರ‍್ಯಾಮ್ ವೇಗವನ್ನು 3200ರಿಂದ 3800ಕ್ಕೆ ಏರಿಸಿದೆ. ಈಗ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ರ‍್ಯಾಮ್ ಸುಟ್ಟಿತಾ?
– ಓದುಗರು, ವಿಜಯಪುರ

ಉತ್ತರ: ಗಾಬರಿ ಬೇಡ, ವೋಲ್ಟೇಜ್ ಮುಟ್ಟದೆ ಸುಮ್ನೆ ವೇಗ ಏರಿಸಿದರೆ ರ‍್ಯಾಮ್ ಸುಡುವುದು ತೀರಾ ಅಪರೂಪ. ಬಯಾಸ್‌ನಲ್ಲಿ ಕೂತಿರುವ ಆ 3800 ಅನ್ನು ಅಳಿಸಬೇಕು, ಅಷ್ಟೇ. ಪ್ಲಗ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಮದರ್‌ಬೋರ್ಡ್ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಬಯಾಸ್ ಸೆಟ್ಟಿಂಗ್ ಉಳಿಸುವ ಸಿಆರ್2032 ಬ್ಯಾಟರಿ ಇರುತ್ತದಲ್ವಾ, ಕೆಲವೊಮ್ಮೆ ಗ್ರಾಫಿಕ್ಸ್ ಕಾರ್ಡ್ ಕೆಳಗೆ ಅಡಗಿರುತ್ತದೆ, ಅದನ್ನು ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಆಗಲೂ ಏಳದಿದ್ದರೆ ಒಂದೇ ರ‍್ಯಾಮ್ ಇಟ್ಟು ನೋಡಿ. ನಮ್ಮೂರ ಧೂಳು ಗೊತ್ತಲ್ಲ, ರ‍್ಯಾಮ್‌ನ ಚಿನ್ನದ ಬಣ್ಣದ ಪಟ್ಟಿಯನ್ನು ಒಣಬಟ್ಟೆಯಿಂದ ಮೆಲ್ಲಗೆ ಒರೆಸಿ. ಮೊದಲ ಸಲ ಚಾಲೂ ಆಗಲು ಒಂದೆರಡು ನಿಮಿಷ ಜಾಸ್ತಿ ಹಿಡಿಯಬಹುದು, ನಡುವೆ ಆಫ್ ಮಾಡಬೇಡಿ.