ಬಾಡಿಗೆ ಮನೆಯ ಕ್ರಯದ ಕರಾರು: ಮಾಲೀಕರು ಹಿಂದೆ ಸರಿದರೆ?

ಪ್ರಶ್ನೆ: ನಾನು ಬಾಡಿಗೆಗಿರುವ ಮನೆಯನ್ನೇ ಕೊಳ್ಳಲು ಲಿಖಿತ ಕರಾರು ಮಾಡಿಕೊಂಡು ಮುಂಗಡ ಕೊಟ್ಟಿದ್ದೇನೆ. ಈಗ ಮಾಲೀಕರು ಹೆಚ್ಚಿನ ಬೆಲೆಗೆ ಬೇರೆಯವರಿಗೆ ಮಾರಲು ಹೊರಟು, ಮನೆ ಖಾಲಿ ಮಾಡಿ ಎನ್ನುತ್ತಿದ್ದಾರೆ. ಬಾಡಿಗೆ ನಿಲ್ಲಿಸಬಹುದೇ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಕ್ರಯದ ಕರಾರಿನಿಂದಷ್ಟೇ ನೀವು ಮಾಲೀಕರಾಗುವುದಿಲ್ಲ. ಬಾಡಿಗೆ ಸಂಬಂಧ ಮುಗಿಯಿತೆಂದು ಅದರಲ್ಲಿ ಒಪ್ಪಿಕೊಂಡಿರದಿದ್ದರೆ ಆ ಸಂಬಂಧ ಸಾಮಾನ್ಯವಾಗಿ ಮುಂದುವರಿಯುತ್ತದೆ, ಬಾಕಿ ಉಳಿಸಿಕೊಂಡರೆ ನಿಮ್ಮನ್ನು ತೆರವುಗೊಳಿಸಲು ನೀವೇ ಕಾರಣ ಒದಗಿಸಿದಂತಾಗುತ್ತದೆ. ಬ್ಯಾಂಕ್ ಮೂಲಕವೇ ಪಾವತಿಸಿ, ದಾಖಲೆ ಉಳಿಯಲಿ.

ನಿಮ್ಮ ನಿಜವಾದ ಬಲವಿರುವುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ. ಉಳಿದ ಹಣ ಕೊಟ್ಟು ನೋಂದಣಿ ಮಾಡಿಸಿಕೊಳ್ಳಲು ಮೊದಲಿನಿಂದಲೂ ಸಿದ್ಧರಿದ್ದಿರಿ ಎಂಬುದನ್ನು ಬ್ಯಾಂಕ್ ಖಾತೆಯ ವಿವರ, ಸಾಲ ಮಂಜೂರಾತಿ ಪತ್ರ ಮುಂತಾದವುಗಳಿಂದ ರುಜುವಾತುಪಡಿಸಿದರೆ, ಕ್ರಯಪತ್ರ ಬರೆದುಕೊಡುವಂತೆ ಸಿವಿಲ್ ನ್ಯಾಯಾಲಯ ಮಾಲೀಕರಿಗೆ ಆದೇಶಿಸಬಹುದು. ಕರಾರಿನಲ್ಲಿ ಗೊತ್ತುಪಡಿಸಿದ ದಿನದಿಂದ, ಅಂಥ ದಿನವಿಲ್ಲದಿದ್ದರೆ ನಿರಾಕರಣೆ ನಿಮ್ಮ ಗಮನಕ್ಕೆ ಬಂದಂದಿನಿಂದ, 3 ವರ್ಷಗಳೊಳಗೆ ದಾವೆ ಹೂಡಬೇಕು. ಆದರೆ ಅಲ್ಲಿಯವರೆಗೆ ಕಾಯುವುದು ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ. ತಡಮಾಡದೆ ವಕೀಲರಿಂದ ನೋಟಿಸ್ ಕೊಡಿಸಿ, ದಾವೆಯೊಂದಿಗೆ ಪರಭಾರೆ ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆಯನ್ನೂ ಕೋರಿ.

ಒಂದು ವೇಳೆ ಮನೆ ಮಾರಾಟವಾದರೂ, ನೀವು ಅಲ್ಲಿಯೇ ವಾಸವಿರುವುದರಿಂದ ನಿಮ್ಮ ಹಕ್ಕು ತಿಳಿದಿರಲಿಲ್ಲವೆಂದು ಕೊಂಡವರು ವಾದಿಸುವುದು ಕಷ್ಟ. ಆದ್ದರಿಂದ ಬೆದರಿಕೆಗೆ ಮಣಿದು ಸ್ವಾಧೀನ ಬಿಟ್ಟುಕೊಡಬೇಡಿ.