ಚಿತ್ರ ಕೊಡುವ ಮೊದಲು ಗ್ಯಾಲರಿಯವರನ್ನು ಒಂದು ಮಾತು ಕೇಳಿ

ಕಲಾ ಗ್ಯಾಲರಿಗೆ ಚಿತ್ರ ಕೊಡುವುದು, ಹಣ ಕೊಡುವುದು, ವಿಲ್‌ನಲ್ಲಿ ಬರೆದಿಡುವುದು. ಈ ಬಗ್ಗೆ ಬರುವ ಪತ್ರಗಳಲ್ಲಿ ಊರಿನ ಹೆಸರು ಮಾತ್ರ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಆದ್ದರಿಂದ ಈ ಸಲ ಒಂದನ್ನೇ ಪೂರ್ತಿ ಉತ್ತರಿಸುತ್ತೇನೆ. ಉಳಿದವಕ್ಕೆ ಇಷ್ಟು ಸಾಕು ಅನ್ನಿಸಿದಷ್ಟು.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ರವಿವರ್ಮನ ಸರಸ್ವತಿ ಚಿತ್ರ ಇದೆ. ಗ್ಯಾಲರಿಗೆ ಕೊಟ್ಟರೆ ಎಷ್ಟು ಕೋಟಿ ಆಗಬಹುದು? (ಹಾವೇರಿ)

ಅದು ಅಚ್ಚಿನ ಚಿತ್ರ. ರವಿವರ್ಮನ ಪ್ರೆಸ್ಸು 1894ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಅಲ್ಲಿ ಅಚ್ಚಾದ ಸರಸ್ವತಿ, ಲಕ್ಷ್ಮಿಯರು ನಮ್ಮ ಕಡೆಯ ಎಷ್ಟು ದೇವರ ಕೋಣೆಗಳಲ್ಲಿ ಇದ್ದಾರೋ ಲೆಕ್ಕವಿಲ್ಲ. ಪೂಜೆ ಮಾಡಿಕೊಂಡು ಚೆನ್ನಾಗಿಟ್ಟುಕೊಳ್ಳಿ. ಇನ್ನೊಂದು ಮಾತು: ಕೊಡುವುದು ಅಂದಮೇಲೆ ಎಷ್ಟು ಆಗಬಹುದು ಅಂತ ಕೇಳುವುದು ಯಾಕೆ?

ಪ್ರಶ್ನೆ: ನಮ್ಮ ತಂದೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. 1998ರಲ್ಲಿ ತೀರಿಕೊಂಡರು. ವಿಲ್ ಮಾಡಿರಲಿಲ್ಲ. ಸುಮಾರು ನೂರೈವತ್ತು ಚಿತ್ರ ಬಿಟ್ಟು ಹೋಗಿದ್ದಾರೆ, ಎಲ್ಲವೂ ನನ್ನ ಹತ್ತಿರವೇ ಇವೆ. ತಾಯಿ ಈಗ ಇಲ್ಲ. ತಮ್ಮ ಮತ್ತು ಇಬ್ಬರು ತಂಗಿಯರಿಗೆ ಇದರಲ್ಲಿ ಆಸಕ್ತಿ ಇಲ್ಲ. ನನ್ನ ನಂತರ ಇವು ಸರ್ಕಾರಿ ಆರ್ಟ್ ಗ್ಯಾಲರಿಗೆ ಸೇರಬೇಕು, ತಂದೆಯ ಹೆಸರಿನ ಕೋಣೆಯಲ್ಲಿ ಎಲ್ಲವನ್ನೂ ಸದಾ ತೂಗುಹಾಕಿರಬೇಕು ಅಂತ ವಿಲ್ ಬರೆದರೆ ಸಾಕಲ್ವಾ? (ಧಾರವಾಡ)

ಸಾಲದು. ನಿಮ್ಮ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಇದೇ ರೀತಿ ಬರೆದಿಟ್ಟ ವಿಲ್‌ಗಳಿಂದ ಚಿತ್ರಗಳು ಅಟ್ಟದ ಮೇಲೆ ಉಳಿದದ್ದನ್ನು ನಾನು ಕಂಡಿದ್ದೇನೆ.

ಮೊದಲನೆಯದಾಗಿ, ಚಿತ್ರಗಳು ನಿಮ್ಮ ಹತ್ತಿರ ಇವೆ, ಅಷ್ಟೇ. ಪೂರ್ತಿ ನಿಮ್ಮವಲ್ಲ. ತಂದೆ ವಿಲ್ ಮಾಡದೆ ಹೋದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಲಿಂಗಾಯತರೂ ಜೈನರೂ ಈ ಕಾಯ್ದೆಯ ಕೆಳಗೇ ಬರುತ್ತಾರೆ. ಹೊಲ, ಮನೆ ಹಂಚಿಕೊಳ್ಳುವಾಗ ವಾಟ್ನಿಪತ್ರದಲ್ಲಿ ಬಚ್ಚಲ ಹಂಡೆಯನ್ನೂ ಬರೆಯುತ್ತೇವೆ, ಚಿತ್ರಗಳನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ನೀವು ವಿಲ್‌ನಲ್ಲಿ ಕೊಡಬಹುದಾದದ್ದು ನಿಮ್ಮ ಪಾಲು ಮಾತ್ರ. ತಂಗಿಯರಿಗೆ ಆಸಕ್ತಿ ಇಲ್ಲ ಅನ್ನುತ್ತೀರಿ. ಇವತ್ತು ಇಲ್ಲದಿರಬಹುದು. ಪೇಪರಿನಲ್ಲಿ ತಂದೆಯ ಹೆಸರು ಬಂದ ಮರುದಿನ ಅವರ ಮಕ್ಕಳಿಗೆ ಬರುತ್ತದೆ. ನಾಲ್ಕೂ ಜನ ಕೂತು, ಚಿತ್ರಗಳ ಪಟ್ಟಿಯನ್ನು ಲಗತ್ತಿಸಿ, ಇವನ್ನು ಗ್ಯಾಲರಿಗೆ ಕೊಡಲು ನಮ್ಮ ಒಪ್ಪಿಗೆ ಇದೆ ಅಂತ ಬರೆದು ಸಹಿ ಮಾಡಿ. ಫೋನಿನಲ್ಲಿ ‘ನೀನೇ ನೋಡಿಕೋ ಅಣ್ಣ’ ಅಂದದ್ದು ಲೆಕ್ಕಕ್ಕಿಲ್ಲ. ವಕೀಲರಿಂದ ಬರೆಸಿ.

ಎರಡನೆಯದು ಯಾರಿಗೂ ಹೊಳೆಯುವುದೇ ಇಲ್ಲ. ನೀವು ಬರೆದಿಟ್ಟ ಮಾತ್ರಕ್ಕೆ ಗ್ಯಾಲರಿ ತೆಗೆದುಕೊಳ್ಳಲೇಬೇಕು ಅಂತೇನೂ ಇಲ್ಲ. ಅವರು ಬೇಡ ಅನ್ನಬಹುದು. ಜಾಗ ಇಲ್ಲ, ಇಂಥವು ಆಗಲೇ ಇವೆ, ಸ್ಥಿತಿ ಸರಿ ಇಲ್ಲ, ಕಾರಣ ಏನಾದರೂ ಇರಬಹುದು. ಆಗ ಆ ಚಿತ್ರಗಳು ಎಲ್ಲಿಗೆ ಹೋಗಬೇಕು ಅಂತ ನಿಮ್ಮ ವಿಲ್ ಹೇಳುತ್ತದಾ? ಹೇಳುವುದಿಲ್ಲ. ಆದ್ದರಿಂದ ಬರೆಯುವ ಮೊದಲು ಹೋಗಿ ಕೇಳಿ. ಇಪ್ಪತ್ತು ಚಿತ್ರದ ಫೋಟೊ ತೋರಿಸಿ. ಒಪ್ಪಿದರೆ ಪತ್ರದಲ್ಲಿ ಒಪ್ಪಲಿ. ಇನ್ನು ‘ಧಾರವಾಡದ ಗ್ಯಾಲರಿಗೆ’ ಅಂತ ಸುಮ್ನೆ ಬರೆಯಬೇಡಿ. ಸರ್ಕಾರಿ ಗ್ಯಾಲರಿಯಾದರೆ ಅದು ಯಾವ ಇಲಾಖೆಯದ್ದು, ಯಾವ ಅಧಿಕಾರಿಯ ಹೆಸರಿಗೆ ಬರೆಯಬೇಕು, ಅಲ್ಲೇ ಕೇಳಿ ತಿಳಿದುಕೊಳ್ಳಿ. ಟ್ರಸ್ಟ್ ಆದರೆ ನೋಂದಣಿಯಲ್ಲಿರುವ ಪೂರ್ತಿ ಹೆಸರು ಬೇಕು. ಅವರು ಬೇಡ ಅಂದರೆ ಇಂಥ ಸಂಸ್ಥೆಗೆ ಅಂತ ಎರಡನೇ ಹೆಸರನ್ನೂ ಬರೆಯಿರಿ.

ಈಗ ಆ ಕೋಣೆಯ ವಿಷಯ. ಈ ಷರತ್ತು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕಾಗದದ ಮೇಲಿನ ವಾಟರ್ ಕಲರ್ ಚಿತ್ರವನ್ನು ವರ್ಷವಿಡೀ ತೂಗುಹಾಕುವುದು ಅಂದರೆ ಅದನ್ನು ನಿಧಾನವಾಗಿ ಅಳಿಸುವುದು. ಇಂಥ ಚಿತ್ರದ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೀಳಬಾರದು ಅನ್ನುವುದು ಮ್ಯೂಸಿಯಂಗಳಲ್ಲಿ ಪಾಲಿಸುವ ಮಿತಿ. ಅಷ್ಟು ಕಡಿಮೆ ಬೆಳಕಿನಲ್ಲೂ ಕೆಲವು ತಿಂಗಳು ತೋರಿಸಿ, ಆಮೇಲೆ ಕತ್ತಲಲ್ಲಿ ವಿಶ್ರಾಂತಿ ಕೊಡುತ್ತಾರೆ. ಆಯಿಲ್ ಪೇಂಟಿಂಗ್ ಸ್ವಲ್ಪ ಗಟ್ಟಿ, 200 ಲಕ್ಸ್‌ವರೆಗೆ ತಡೆಯುತ್ತದೆ. ಮನೆಯ ಕಿಟಕಿ ಪಕ್ಕದ ಬೆಳಕು ಇದರ ಹತ್ತಾರು ಪಟ್ಟು ಇರುತ್ತದೆ. ಮಾಸಿಹೋದ ಬಣ್ಣವನ್ನು ಯಾವ ತಜ್ಞನೂ ವಾಪಸ್ ತರಲಾರ. ನೂರೈವತ್ತು ಚಿತ್ರ ಸದಾ ಗೋಡೆಯ ಮೇಲೆ ಅಂದರೆ ತಂದೆಗೆ ಮಾಡುವ ಗೌರವ ಅಂತ ನಿಮಗೆ ಅನ್ನಿಸುತ್ತದೆ. ಗ್ಯಾಲರಿಯವರು ಈ ಸಾಲು ಓದಿದ ಕೂಡಲೇ ಕಡತ ಮುಚ್ಚುತ್ತಾರೆ. ‘ಮಾರಬಾರದು, ಕೇಳಿಕೊಂಡು ಬಂದ ಅಭ್ಯಾಸಿಗಳಿಗೆ ತೋರಿಸಬೇಕು, ಚಿತ್ರದ ಜೊತೆ ಕಲಾವಿದರ ಹೆಸರು ಹಾಕಬೇಕು’ ಅಂತ ಕೇಳಿ. ಅದನ್ನು ಯಾರೂ ಬೇಡ ಅನ್ನುವುದಿಲ್ಲ.

ನೂರೈವತ್ತೂ ಬೇಡ. ಇದು ಕಹಿ ಮಾತು, ಆದರೂ ಹೇಳಲೇಬೇಕು. ಕ್ಯಾಲೆಂಡರ್ ನೋಡಿ ಮಾಡಿದ ದೇವರ ಚಿತ್ರಗಳು, ಮಕ್ಕಳಿಗೆ ಪಾಠಕ್ಕೆ ಬರೆದ ಹೂದಾನಿಗಳು ಮನೆಯಲ್ಲೇ ಇರಲಿ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಕಲಾಶಾಲೆ ಕಟ್ಟಿದ್ದರಿಂದ ನಮ್ಮ ಭಾಗದ ಹೈಸ್ಕೂಲುಗಳಿಗೆ ಸರಿಯಾಗಿ ಕಲಿತ ಡ್ರಾಯಿಂಗ್ ಮಾಸ್ತರರು ಸಿಕ್ಕರು. ಅವರು ರಜೆಯಲ್ಲಿ ಊರೂರು ತಿರುಗಿ ಬರೆದ ಸ್ಥಳಚಿತ್ರಗಳಿಗೆ ಬೆಲೆ ಕಟ್ಟುವುದು ಕಷ್ಟ. ಹುಬ್ಬಳ್ಳಿಯ ದುರ್ಗದಬೈಲಿನ ಸಂತೆ, ಗದಗಿನ ತ್ರಿಕೂಟೇಶ್ವರ ಗುಡಿಯ ಕಂಬ, ಈಗ ಇಲ್ಲದ ಒಂದು ಬಾವಿ, ಇಂಥವು ಇದ್ದರೆ ಮೊದಲು ಅವನ್ನು ತೋರಿಸಿ. ಸ್ಕೆಚ್ ಪುಸ್ತಕ ಇದ್ದರೆ ಖಂಡಿತ ಎಸೆಯಬೇಡಿ. ನನಗಂತೂ ದೊಡ್ಡ ಚಿತ್ರಕ್ಕಿಂತ ಅದರ ಮೇಲೆಯೇ ಆಸೆ.

ಪಟ್ಟಿ ಮಾಡುವಾಗ ಪ್ರತಿ ಚಿತ್ರದ ಅಳತೆ, ಯಾವ ಬಣ್ಣ, ಕಾಗದವೋ ಕ್ಯಾನ್ವಾಸೋ, ಸಹಿ, ಇಸವಿ ಬರೆಯಿರಿ. ಮುಂದಿನ ಫೋಟೊ ಜೊತೆಗೆ ಹಿಂದಿನದ್ದೂ ಬೇಕು. ಹಿಂದೆ ಪೆನ್ಸಿಲ್‌ನಲ್ಲಿ ಊರು, ತಾರೀಖು, ಯಾವುದೋ ಪ್ರದರ್ಶನದ ಚೀಟಿ ಇರುತ್ತವೆ. ಹೊಸ ಫ್ರೇಮ್ ಹಾಕಿಸುವ ನೆಪದಲ್ಲಿ ಅದನ್ನೇ ಕಿತ್ತು ಎಸೆಯುತ್ತಾರೆ.

ಕಾಪಿರೈಟ್ ಬೇರೆ ವಿಷಯ. ಬದುಕಿರುವಾಗ ಚಿತ್ರ ದಾನ ಕೊಟ್ಟರೆ ಅದರ ಜೊತೆ ಕಾಪಿರೈಟ್ ತಾನಾಗಿ ಹೋಗುವುದಿಲ್ಲ. ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅದು ನಡೆಯುತ್ತದೆ. ನಿಮ್ಮ ತಂದೆಯದ್ದು 2058ರ ಕೊನೆಯವರೆಗೆ ನಿಮ್ಮೆಲ್ಲರ ಕೈಯಲ್ಲೇ. ಗ್ಯಾಲರಿಯವರು ಪುಸ್ತಕದಲ್ಲಿ ಅಚ್ಚು ಹಾಕಲು ಆಗಿನ ಮೊಮ್ಮಕ್ಕಳನ್ನು ಹುಡುಕುತ್ತಾ ಹೋಗಬಾರದು ಅಂದರೆ ಅದರ ಅನುಮತಿಯನ್ನೂ ಅದೇ ಒಪ್ಪಿಗೆ ಪತ್ರದಲ್ಲಿ ಕೊಟ್ಟುಬಿಡಿ.

ವಿಲ್ ಬಗ್ಗೆ ಜನರ ತಲೆಯಲ್ಲಿರುವ ಕಸ ತೆಗೆಯುವುದೇ ಒಂದು ಕೆಲಸ. ಬಾಂಡ್ ಪೇಪರ್ ಬೇಕಿಲ್ಲ. ಬಿಳಿ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿ. ನಿಮ್ಮದೇ ಕೈಬರಹದಲ್ಲಿದ್ದರೆ ಸಾಕ್ಷಿ ಬೇಡ ಅನ್ನುವುದು ಶುದ್ಧ ಸುಳ್ಳು. ಇಬ್ಬರು ಸಾಕ್ಷಿಗಳು ನೀವು ಸಹಿ ಮಾಡುವುದನ್ನು ಕಂಡು, ನಿಮ್ಮ ಎದುರಿಗೇ ಸಹಿ ಹಾಕಬೇಕು. ವಿಲ್‌ನಲ್ಲಿ ಏನಾದರೂ ಪಡೆಯುವವರನ್ನು, ಅವರ ಗಂಡ ಅಥವಾ ಹೆಂಡತಿಯನ್ನು ಸಾಕ್ಷಿ ಮಾಡಬೇಡಿ, ಆಮೇಲೆ ಅನುಮಾನಕ್ಕೆ ದಾರಿಯಾಗುತ್ತದೆ. ಜಾರಿ ಮಾಡುವ ಹೊಣೆಯನ್ನು ಊರಲ್ಲೇ ಇರುವ, ನಿಮಗಿಂತ ಚಿಕ್ಕವರಾದ ಒಬ್ಬರಿಗೆ ಕೊಡಿ. ವಿಲ್ ಎಲ್ಲಿದೆ ಅಂತ ಅವರಿಗೆ ಗೊತ್ತಿರಲಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಸಲಹೆ: ವಿಲ್ ಬಿಡಿ, ಈಗಲೇ ಕೊಡಿ. ಚಿತ್ರ ಚರವಸ್ತು. ಒಪ್ಪಿಸಿ, ಅವರು ಒಪ್ಪಿಕೊಂಡರೆ ದಾನ ಮುಗಿಯಿತು. ಆದರೆ ಆ ಒಪ್ಪಿಗೆ ನೀವು ಬದುಕಿರುವಾಗಲೇ ಸಿಗಬೇಕು. ಪಟ್ಟಿಯ ಪ್ರತಿ ಪುಟಕ್ಕೂ ಸ್ವೀಕೃತಿಯ ಸಹಿ, ಮೊಹರು ತೆಗೆದುಕೊಳ್ಳಿ. ಪುಣೆಯ ದಿನಕರ ಕೇಳಕರ್ ಜೀವನವಿಡೀ ಕೂಡಿಸಿದ ವಸ್ತುಗಳನ್ನು ತಾವು ಬದುಕಿರುವಾಗಲೇ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ತೀರಿಕೊಂಡ ಮಗ ರಾಜಾನ ಹೆಸರು ಆ ಮ್ಯೂಸಿಯಂಗೆ ಇವತ್ತಿಗೂ ಇದೆ. ಎಲ್ಲವನ್ನೂ ಕೊಡಲು ಮನಸ್ಸಾಗದಿದ್ದರೆ ಮೂರು ಚಿತ್ರ ಇಟ್ಟುಕೊಳ್ಳಿ, ಆ ಮೂರಕ್ಕೆ ವಿಲ್ ಬರೆಯಿರಿ. ಕೊಟ್ಟವುಗಳನ್ನು ಅವರು ಹೇಗೆ ಇಡುತ್ತಾರೆ ಅಂತ ನೋಡಿಕೊಂಡು ಬರಲು ನೀವೇ ಇರುತ್ತೀರಿ. ನಾನು ಹೇಳುವುದು ಇದಕ್ಕಾಗಿಯೇ.

ಪ್ರಶ್ನೆ: ಕೊಡುವ ಮೊದಲು ಚಿತ್ರ ಸ್ವಚ್ಛ ಮಾಡಬೇಕು. ಆಲೂಗಡ್ಡೆ ಹೋಳಿನಿಂದ ಉಜ್ಜಿ ಕೊಬ್ಬರಿ ಎಣ್ಣೆ ಸವರಿದರೆ ಹೊಳಪು ಬರುತ್ತದಂತೆ, ಹೌದಾ? (ಹಾವೇರಿ)

ಬರುತ್ತದೆ, ಆಮೇಲೆ ಬೂಷ್ಟೂ ಬರುತ್ತದೆ. ಆಲೂಗಡ್ಡೆಯ ಪಿಷ್ಟ ಮತ್ತು ನೀರು ಬಣ್ಣದ ಬಿರುಕಿಗೆ ಇಳಿಯುತ್ತವೆ, ಎಣ್ಣೆ ಧೂಳು ಹಿಡಿಯುತ್ತದೆ. ಇಂಥ ಉಪಾಯ ಹೇಳುವ ವಿಡಿಯೊ ಮಾಡುವವರನ್ನು ಗ್ಯಾಲರಿಯ ಬಾಗಿಲಲ್ಲೂ ನಿಲ್ಲಿಸಬಾರದು. ಫ್ರೇಮ್ ಅಂಗಡಿಯಲ್ಲಿ ‘ಪಾಲಿಶ್ ಮಾಡಿ ಟಚ್ ಅಪ್ ಮಾಡಿಕೊಡುತ್ತೇವೆ’ ಅನ್ನುವವರೂ ಅದೇ ಜಾತಿ. ಸೆಲ್ಲೊಟೇಪ್, ಫೆವಿಕಾಲ್ ಮುಟ್ಟಿಸಬೇಡಿ. ಹೇಗಿದೆಯೋ ಹಾಗೇ ಕೊಡಿ. ದುರಸ್ತಿ ಬೇಕೇ ಬೇಕು ಅಂದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇನ್‌ಟ್ಯಾಕ್ ಅನ್ನುವ ಪರಂಪರೆ ರಕ್ಷಣೆಯ ಸಂಸ್ಥೆಯವರ ಸಂರಕ್ಷಣಾ ಕೇಂದ್ರ ಇದೆ, ಅವರನ್ನು ಕೇಳಿ.

ಪ್ರಶ್ನೆ: ಒಬ್ಬರು ಐದು ಸಾವಿರ ತೆಗೆದುಕೊಂಡು ಚಿತ್ರಕ್ಕೆ ಎಂಟು ಲಕ್ಷದ ಸರ್ಟಿಫಿಕೇಟ್ ಕೊಡುತ್ತಾರೆ. ದಾನ ಕೊಟ್ಟು ತೆರಿಗೆಯಲ್ಲಿ ಕಳೆಯಬಹುದಾ? (ಹುಬ್ಬಳ್ಳಿ)

ವಸ್ತುರೂಪದ ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ನಿಮ್ಮ ಐದು ಸಾವಿರ ಉಳಿಯಿತು.

ಪ್ರಶ್ನೆ: ನನ್ನ ಹತ್ತಿರ ಚಿತ್ರ ಇಲ್ಲ. ವರ್ಷಕ್ಕೆ ಹತ್ತು ಸಾವಿರ ಕೊಡಬಲ್ಲೆ. ಉಪಯೋಗ ಆಗುತ್ತದಾ? (ಹುಬ್ಬಳ್ಳಿ)

ಅಪರೂಪಕ್ಕೆ ಒಂದು ಒಳ್ಳೆಯ ಪ್ರಶ್ನೆ. ಬಹಳ ಉಪಯೋಗ, ಆದರೆ ಉದ್ಘಾಟನೆಯ ಶಾಲು, ಹಾರಕ್ಕೆ ಕೊಡಬೇಡಿ. ಯಾರೂ ಕೊಡದ ಬೇಸರದ ಸಾಮಾನಿಗೆ ಕೊಡಿ: ಆಮ್ಲವಿಲ್ಲದ ಕಾಗದದ ಡಬ್ಬಿಗಳು, ಕಿಟಕಿಗೆ ಬಿಸಿಲಿನ ಯುವಿ (ಅತಿನೇರಳೆ) ಕಿರಣ ತಡೆಯುವ ಫಿಲ್ಮ್, ಗೆದ್ದಲಿನ ಔಷಧಿ, ಧಾರವಾಡದ ಮಳೆಗಾಲಕ್ಕೆ ತೇವ ಹೀರುವ ಯಂತ್ರ. ಸರ್ಕಾರಿ ಗ್ಯಾಲರಿಗೆ ಹಣ ಕೊಟ್ಟರೆ ಅದು ಖಜಾನೆಗೆ ಹೋಗುತ್ತದಾ ಅಥವಾ ಅಲ್ಲೇ ಖರ್ಚಾಗುತ್ತದಾ ಅಂತ ಮೊದಲು ಲಿಖಿತವಾಗಿ ಕೇಳಿ. ಅನುಮಾನ ಇದ್ದರೆ ಸಾಮಾನನ್ನೇ ಕೊಡಿಸಿ, ದಾಸ್ತಾನು ಪುಸ್ತಕದಲ್ಲಿ ಬರೆಸಿ. ಟ್ರಸ್ಟ್ ಆದರೆ ಚೆಕ್ ಕೊಡಿ. ನಗದು 2,000 ರೂಪಾಯಿ ದಾಟಿದರೆ ತೆರಿಗೆ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹೇಗೂ ಇಲ್ಲ.

ಪ್ರಶ್ನೆ: ನಾವು ಮುಸ್ಲಿಮರು. ಅಜ್ಜ ಬರೆದ ಅರಬ್ಬಿ, ಉರ್ದು ಕ್ಯಾಲಿಗ್ರಫಿ ನನ್ನ ಪಾಲಿಗೆ ಬಂದಿದೆ. ಪೂರ್ತಿ ವಸಿಯತ್ (ವಿಲ್) ಮಾಡಬಹುದಾ? (ಸವಣೂರು)

ಸಾಲ, ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದ ನಿಮ್ಮ ಎಲ್ಲ ಆಸ್ತಿಯಲ್ಲಿ ಮೂರನೇ ಒಂದು ಭಾಗದೊಳಗೆ ಅದರ ಬೆಲೆ ಇದ್ದರೆ ಅಡ್ಡಿಯಿಲ್ಲ. ಮೀರಿದರೆ ವಾರಸುದಾರರು ಒಪ್ಪಬೇಕು. ಬದುಕಿರುವಾಗಲೇ ಹಿಬಾ (ದಾನ) ಮಾಡಿ ಕೈಗೆ ಒಪ್ಪಿಸಿದರೆ ಈ ಲೆಕ್ಕವೇ ಬೇಡ. ಅಲ್ಲಿಯವರೆಗೆ ಮಡಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ.

ಪ್ರಶ್ನೆ: ಹೊಲದಲ್ಲಿ ಹಳೆಯ ಕಲ್ಲಿನ ಮೂರ್ತಿ ಸಿಕ್ಕಿದೆ. ಊರಿನವರ ಪರವಾಗಿ ಗ್ಯಾಲರಿಗೆ ದಾನ ಕೊಡೋಣ ಅಂತಿದ್ದೇವೆ. (ಗದಗ)

ನಿಮ್ಮದಲ್ಲದ್ದನ್ನು ದಾನ ಕೊಡಲಾಗದು. ನೆಲದಡಿ ಸಿಕ್ಕ ಪುರಾತನ ವಸ್ತುವಿನ ಬಗ್ಗೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಎಲ್ಲಿಗೆ ಹೋಗಬೇಕು ಅಂತ ಅವರು ಮತ್ತು ಪುರಾತತ್ವ ಇಲಾಖೆಯವರು ನೋಡುತ್ತಾರೆ. ತಹಶೀಲ್ದಾರರಿಗೆ ಇವತ್ತೇ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸಿಕ್ಕ ಜಾಗವನ್ನು ಫೋಟೊ ತೆಗೆದಿಡಿ, ಮತ್ತೆ ಅಗೆಯಬೇಡಿ. ಮೂರ್ತಿಯನ್ನು ತೊಳೆಯಬೇಡಿ, ಎಣ್ಣೆ, ಕುಂಕುಮ ಹಚ್ಚಬೇಡಿ. ಬಣ್ಣ ಹೊಡೆಯುವವರು ಯಾರಾದರೂ ಬಂದರೆ ಓಡಿಸಿ.